ರೊಟ್ಟಿ ಮೇಜಿನ ನಡಿಗೆ

ಮೊನ್ನೆ ತರಗತಿಯಲ್ಲಿ ಸೀಮೆಸುಣ್ಣಕ್ಕೆಂದು ಜೇಬಿಗೆ ಕೈ ಹಾಕಿದರೆ ಮರದ ಹೊಟ್ಟು ಬಂತು. ಬೇವಿನದ್ದು, ಮೂಗಿಗೆ ಹಿಡಿದರೆ ಸಣ್ಣಗೆ ಕಹಿ ವಾಸನೆ. ನಡೆಯುತ್ತಿದ್ದದ್ದು ಘರ್ಷಣೆಯ ಪಾಠ. ಆ ವಿಷಯದಲ್ಲಿ ನನ್ನ ಅರ್ಹತೆ ಈಚೆಗೆ ಹೆಚ್ಚಾಗಿದೆ ಎಂದು ಮಕ್ಕಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲು. ಇದನ್ನು ಬೇಗ ಹೇಳಿಬಿಡುವುದು ಒಳ್ಳೆಯದು, ಹೇಗಿದ್ದರೂ ಎರಡನೇ ಮಾತಿಗೆ ಹೇಳುವವನೇ. ದೇವರ ಫೋಟೋಗಿಂತ ನಾಲ್ಕು ಬೆರಳು ಕೆಳಗೆ ನನ್ನ ಬಿ.ಎಸ್ಸಿ. ಪತ್ರ ಕಟ್ಟು ಹಾಕಿಸಿ ತೂಗುಹಾಕಿದೆ. ಆ ಮೊಳೆ ಹೊಡೆದದ್ದು ಮಾತ್ರ ಬೇರೆಯವರು. ಚಿಕ್ಕಂದಿನಲ್ಲಿ, ಹಂಪಸಾಗರದಲ್ಲಿದ್ದಾಗ, ನಾನು ಕುಡಗೋಲು ಮುಟ್ಟಿದರೂ ಅವ್ವ ಕಸಿದುಕೊಂಡು ಪುಸ್ತಕ ಕೊಡುತ್ತಿದ್ದಳು. ಹೀಗಾಗಿ ನನಗೆ ಸನ್ನೆಕೋಲಿನ ನಿಯಮಗಳು ಗೊತ್ತು. ಸಲಿಕೆ ಹಿಡಿಯುವುದು ಗೊತ್ತಿಲ್ಲ.

ಹೋದ ವರ್ಷ ಅವ್ವನ ಮೊಣಕಾಲು ಕೈಕೊಟ್ಟವು. ನೆಲದ ಮೇಲೆ ಕೂರಲೇಬಾರದು ಎಂದರು ಡಾಕ್ಟರು. ಅಡುಗೆಮನೆಯ ಕಟ್ಟೆ ಅವಳ ಎದೆಮಟ್ಟ. ಅಲ್ಲಿ ನಿಂತು ರೊಟ್ಟಿ ಬಡಿಯಲು ತೋಳು ಏಳದು. ಅಂಗಡಿಯಿಂದ ರೊಟ್ಟಿ ತಂದೆವು. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಬಡಿದದ್ದಲ್ಲ, ಮಿಷಿನ್ನಿನಲ್ಲಿ ಒತ್ತಿದ್ದು ಎಂದು ತೀರ್ಪು ಕೊಟ್ಟು ಅರ್ಧ ಬಿಟ್ಟು ಎದ್ದಳು. ಮರುದಿನವೂ ಅರ್ಧ. ಮೂರು ತಿಂಗಳಲ್ಲಿ ಅವಳ ರವಿಕೆಯ ತೋಳು ಜೋಲು ಬಿದ್ದಿತು.

ಕುರ್ಚಿಯ ಮೇಲೆ ಕೂತು ಬಡಿಯುವಷ್ಟು ಗಿಡ್ಡನೆಯ ಮೇಜು ಬೇಕಿತ್ತು. ಬಡಿಗ ಮೌನೇಶನಿಗೆ ಹೇಳಿದ್ದರೆ ಒಂದು ದಿನದ ಕೆಲಸ. ಏಳನೇ ತರಗತಿಯವರೆಗೆ ನನ್ನ ಪಕ್ಕದಲ್ಲೇ ಕೂತಿದ್ದವನು ಅವನು. ಶಾಲೆ ಬಿಟ್ಟು ಉಳಿ ಹಿಡಿದ, ನಾವಿರುವ ಪೇಟೆಗೇ ಬಂದು ಅಂಗಡಿ ಇಟ್ಟ, ಈಗ ನನ್ನನ್ನು ಸರ್ ಎನ್ನುತ್ತಾನೆ. ಆದರೆ ಅವ್ವನ ಮೇಜು ನಾನೇ ಮಾಡಬೇಕೆಂಬ ಹಟ ಹತ್ತಿತು. ಅವನ ಅಂಗಡಿಗೆ ಹೋಗಿ ಬೇವಿನ ಹಲಗೆ ಕೇಳಿದೆ.

‘ಯಾರು ಮಾಡ್ತಾರ್ರಿ ಸರ್?’

‘ನಾನೇ.’

ಅವನು ನನ್ನ ಬೂಟು ನೋಡಿದ, ಕೈ ನೋಡಿದ. ‘ಒಂದು ಹಲಗಿ ಜಾಸ್ತಿ ಒಯ್ರಿ’ ಎಂದ.

ನಾಲ್ಕು ದಿನ ಬರೀ ನಕ್ಷೆ ಬರೆದೆ. ಮೇಲಿನಿಂದ ಕಂಡಂತೆ, ಪಕ್ಕದಿಂದ ಕಂಡಂತೆ, ಅಳತೆಗಳು ಮಿಲಿಮೀಟರಿನಲ್ಲಿ. ಈ ಹಾಳೆಯ ಮೇಲೇ ರೊಟ್ಟಿ ಬಡಿಯಬೇಕೇ ಎಂದು ಹೆಂಡತಿ ಕೇಳಿದಳು. ಆಮೇಲೆ ಎರಡು ಭಾನುವಾರ ಹಲಗೆಯನ್ನು ಮೆಟ್ಟಿಲ ಮೇಲಿಟ್ಟು ಗರಗಸ ಎಳೆದೆ. ಹಲಗೆಗಿಂತ ಹೆಚ್ಚಾಗಿ ನಮ್ಮ ಮನೆಯ ಮೆಟ್ಟಿಲು ಕೊಯ್ದೆ. ಕಾಲುಗಳಿಗೆ ಮೊಳೆ ಜಡಿದೆ, ಸಂಶಯ ಬಂದಲ್ಲೆಲ್ಲ ಇನ್ನೊಂದು ಜಡಿದೆ. ಮೇಜು ನಿಂತಿತು. ಫೋಟೋ ತೆಗೆದು ಶಿಕ್ಷಕರ ಗುಂಪಿಗೆ ಹಾಕಿದೆ, ಅದು ಆತುರವಾಯಿತು.

ಮರುದಿನ ಬೆಳಿಗ್ಗೆ ಅವ್ವ ಮೇಜಿಗೆ ಅರಿಶಿನ ಹಚ್ಚಿ, ಕುರ್ಚಿ ಎಳೆದು ಕೂತು, ಹಿಟ್ಟು ನಾದಿ ಮೊದಲ ಏಟು ಹಾಕಿದಳು. ಮೇಜು ಬೆರಳಷ್ಟು ಮುಂದೆ ಹೋಯಿತು. ಎರಡನೇ ಏಟಿಗೆ ಇನ್ನೊಂದು ಬೆರಳು. ಟೈಲ್ಸ್ ನೆಲ, ಒಂದು ಕಾಲು ಗಿಡ್ಡ. ಮೊದಲ ರೊಟ್ಟಿ ಮುಗಿಯುವಷ್ಟರಲ್ಲಿ ಅದು ಒಲೆ ಬಿಟ್ಟಿತ್ತು, ಎರಡನೆಯದಕ್ಕೆ ಫ್ರಿಜ್ಜಿನ ಹತ್ತಿರವಿತ್ತು. ಅವ್ವ ಕುರ್ಚಿ ಸರಿಸಿಕೊಂಡು ಹಿಂಬಾಲಿಸುತ್ತಿದ್ದಳು.

‘ಇದು ಎಲ್ಲಿಗೆ ಹೊಂಟೈತಪಾ?’

‘ಬಸ್‌ಸ್ಟ್ಯಾಂಡಿಗಿರಬೇಕ್ರಿ ಅತ್ತಿ’ ಎಂದಳು ನನ್ನ ಹೆಂಡತಿ.

ಅವ್ವ ಹಿಟ್ಟಿನ ಕೈ ತೊಳೆಯಲು ಏಳುತ್ತಿದ್ದಳು. ಈಗ ಎದ್ದರೆ ಮತ್ತೆ ಇದರ ಮುಂದೆ ಕೂರುವುದಿಲ್ಲವೆಂದು ನನಗೆ ಗೊತ್ತಾಯಿತು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ ಕೂತು, ಮೇಜಿನ ಎರಡು ಕಾಲುಗಳನ್ನು ಬಿಗಿಯಾಗಿ ಹಿಡಿದು, ಬಡಿ ಎಂದೆ.

ಬಡಿದಳು. ಏಟು ಹಲಗೆಯಿಂದ ಕಾಲಿಗೆ, ಕಾಲಿನಿಂದ ನನ್ನ ಮೊಣಕೈಗೆ, ಅಲ್ಲಿಂದ ಹಲ್ಲಿಗೆ ಬಂತು. ನನ್ನ ಬಿ.ಎಸ್ಸಿ.ಯ ಮೂರು ವರ್ಷವೂ ಅವ್ವ ಹಗರಿಬೊಮ್ಮನಹಳ್ಳಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದವಳು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಶಾಲೆಯ ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಹಲ್ಲಿಗೆ ತಾಕಿದ್ದು ಅವತ್ತೇ. ಐದನೇ ರೊಟ್ಟಿಗೆ ನನ್ನ ತೋಳು ನಡುಗತೊಡಗಿತು. ಅವಳದು ನಡುಗಲಿಲ್ಲ.

‘ಅವ್ವಾ, ಖಾನಾವಳ್ಯಾಗ ದಿನಾ ಎಷ್ಟು ಬಡೀತಿದ್ದಿ?’

‘ಎಣಿಸೋರು ಯಾರು? ಹಿಟ್ಟು ತೀರೋತನಕ’ ಎಂದಳು. ‘ಗಟ್ಟಿ ಹಿಡಿ.’

ಅವತ್ತು ಅವಳು ಬಿಸಿ ರೊಟ್ಟಿ ಒಂದನ್ನು ಪೂರ್ತಿ ತಿಂದಳು.

ಸಂಜೆ ಮೇಜನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ಪೇಟೆಯ ನಡುವೆಯೇ ಮೌನೇಶನ ಅಂಗಡಿಗೆ ಹೋದೆ. ದಾರಿಯಲ್ಲಿ ಮೂವರು ಹಳೆಯ ವಿದ್ಯಾರ್ಥಿಗಳು ನಮಸ್ಕಾರ ಮಾಡಿದರು. ಎರಡೂ ಕೈ ಮೇಜಿಗೆ ಹೋಗಿದ್ದರಿಂದ ಹುಬ್ಬು ಹಾರಿಸಿದೆ. ಮೌನೇಶ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕಾಲು ಅಲ್ಲಾಡಿಸಿ ನೋಡಿ, ‘ಮೊಳಿ ತಡಿಯಂಗಿಲ್ರಿ ಸರ್. ಕಾಲು ಹಲಗ್ಯಾಗ ಹೊಕ್ಕು ಕುಂದ್ರಬೇಕು. ಬಿಟ್ಟು ಹೋಗ್ರಿ, ಮಾಡಿ ಕಳಸ್ತೀನಿ’ ಎಂದ. ಮಾಡಬೇಡ, ಕಲಿಸು ಎಂದೆ.

ನಾಲ್ಕು ಭಾನುವಾರ ಹಿಡಿಯಿತು. ನಡುವಿನ ದಿನಗಳಲ್ಲಿ ಮೇಜು ಮನೆಗೆ ಬರುತ್ತಿತ್ತು, ಕಾಲು ಹಿಡಿಯುವವನು ನಾನಿದ್ದೆ. ಹಲಗೆಯಲ್ಲಿ ತೂತು ಕೊರೆದು, ಕಾಲಿನ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ ಕೂರಿಸುವುದು ಹೇಳಿದಷ್ಟು ಸುಲಭವಲ್ಲ. ಮೊದಲ ಭಾನುವಾರ ನನ್ನನ್ನು ಸರ್ ಎಂದೇ ತಿದ್ದುತ್ತಿದ್ದ ಮೌನೇಶ, ಮೂರನೆಯದರಲ್ಲಿ ತಾಳ್ಮೆಗೆಟ್ಟು ‘ಲೇ, ಉಳಿ ಹಿಂಗ ಹಿಡೀತಾರೇನಲೇ’ ಎಂದ. ಅಂದಿನಿಂದ ಕೆಲಸ ಚುರುಕಾಯಿತು.

ಈಗ ಮೇಜು ನಿಂತಲ್ಲೇ ನಿಂತಿದೆ. ಆದರೂ ಬೆಳಿಗ್ಗೆ ಅವ್ವ ಕುರ್ಚಿ ಎಳೆದುಕೊಂಡಾಗ ನಾನು ಹೋಗಿ ಕೆಳಗೆ ಕೂತು ಒಂದು ಕಾಲು ಹಿಡಿಯುತ್ತೇನೆ.

‘ಕೈ ತಗಿ, ಗಟ್ಟಿ ಐತಿ’ ಎನ್ನುತ್ತಾಳೆ. ‘ಸಾಲಿಗೆ ಹೊತ್ತಾತು.’

‘ಇನ್ನೊಂದು ಬಡಿ, ಹೋಗ್ತೀನಿ.’