ಡೈರಿ ಸಾಲಿನಲ್ಲಿ ಮೊದಲು ನಿಂತದ್ದು

ಕಂಪ್ಯೂಟರಿನ ಒಡಲಲ್ಲಿ ಕೂತು ಎಲ್ಲವನ್ನೂ ನಡೆಸುವ ತಂತ್ರಾಂಶಕ್ಕೆ ಕರ್ನಲ್ ಅನ್ನುತ್ತಾರೆ. ಒಂದೊಂದು ಯಂತ್ರದ ಜೊತೆ ಮಾತಾಡಲು ಅದಕ್ಕೆ ಕಲಿಸುವ ಪುಟ್ಟ ತಂತ್ರಾಂಶವೇ ಡ್ರೈವರು. ಬೇರೆಯವರು ಬರೆದ ಅಂಥ ಡ್ರೈವರುಗಳನ್ನು ಓದಿ ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡುತ್ತಾರೆಂದರೆ ನಮ್ಮೂರು ಕ್ಯಾತನಹಳ್ಳಿಯಲ್ಲಿ ಯಾರೂ ನಂಬುವುದಿಲ್ಲ. ಅವರೆಲ್ಲ ಇದನ್ನು ಬಿಟ್ಟಿಯಾಗೇ ಮಾಡಿಕೊಂಡು ಬಂದವರು.

ಆ ವಾರ ನಾಗಮಂಗಲದವನೊಬ್ಬನ ಡ್ರೈವರು ನನ್ನ ಕೈಲಿತ್ತು. ಹಾಲು ಪರೀಕ್ಷಿಸುವ ಮೆಷಿನ್ನು ಮಾಡುವವನು, ನಮ್ಮೂರ ಡೈರಿಯಲ್ಲಿರುವುದೂ ಅವನದೇ. ಮೆಷಿನ್ನಿನೊಳಗೆ ಅಂಕಿ ಹೊತ್ತು ತರುವ ತಂತಿಗಳನ್ನು ನಡೆಸುವ ಚಿಪ್ಪು ಬಸ್ ಕಂಟ್ರೋಲರ್. ಅದಕ್ಕೊಂದು ಚಾಳಿಯಂತೆ: ಕೆಲಸವಿಲ್ಲದಾಗ ಆರಿ ಮಲಗಿ ಎದ್ದಮೇಲೆ ಮೊದಲ ಸಲ, ಮಲಗುವ ಮುಂಚಿನ ಹಳೇ ಅಂಕಿಯನ್ನೇ ಒಪ್ಪಿಸುತ್ತದೆ. ಅದಕ್ಕೇ ಮೊದಲನೆಯದನ್ನು ಎಸೆದು ಎರಡನೆಯದನ್ನು ಇಟ್ಟುಕೊಳ್ಳುತ್ತೇನೆ ಎಂದು ಬರೆದಿದ್ದ. ಕೈಪಿಡಿಯಲ್ಲಿ ಹಾಗೇನೂ ಇರಲಿಲ್ಲ. "ಪುರಾವೆ ಎಲ್ಲಿ? ಇದು ಡ್ರೈವರೋ, ಕಣಿ ಹೇಳುವ ಅಂಗಡಿಯೋ?" ಎಂದು ಬರೆದು ಎರಡು ಸಲ ವಾಪಸ್ ಕಳಿಸಿದೆ. ಚುಚ್ಚುವುದರಲ್ಲಿ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮಾರನೇ ಬೆಳಿಗ್ಗೆ ಅಮ್ಮನಿಗೆ ಮಂಡಿನೋವು. ಹಾಲಿನ ಕ್ಯಾನು ನನ್ನ ಕೈಗೆ ಬಂತು.

"ಎಲ್ರಿಗಿಂತ ಮದ್ಲು ಆಕ್ಬ್ಯಾಡ ಕಣವ್ವ."

"ಯಾಕೆ?"

"ಯಾಕೋ ಏನೋ, ಆಕ್ಬ್ಯಾಡ ಅಷ್ಟೇಯ."

ಕಾರಣವಿಲ್ಲದ ಮಾತಿಗೆ ತಲೆಬಾಗುವವಳು ನಾನಲ್ಲ.

ಡೈರಿಯಲ್ಲಿ ಹತ್ತಾರು ಜನ ನಿಂತಿದ್ದರು, ಮುಂದೆ ಹೋಗುವವರಿಲ್ಲ. ಒಬ್ಬರು ಟವೆಲ್ಲು ಬಿಚ್ಚಿ ಕಟ್ಟುತ್ತಿದ್ದರು, ಇನ್ನೊಬ್ಬರು ಕ್ಯಾನಿನೊಳಗೆ ಇಣುಕುತ್ತಿದ್ದರು. "ನೀನೇ ಬಾರವ್ವ, ಓದ್ದೋಳು" ಎಂದು ಬಹಳ ಮರ್ಯಾದೆಯಿಂದ ದಾರಿ ಬಿಟ್ಟರು. ಹಿಗ್ಗಿ ಹೋದೆ.

ಡೈರಿಯ ಸೆಕ್ರೆಟರಿ ಅಂಕಿ ನೋಡಿ ಹುಬ್ಬೇರಿಸಿದ. "ಏನವ್ವ, ಬರೀ ನೀರೇ ತೋರುಸ್ತಾ ಅದೆ?"

ಹಿಂದೆ ಯಾರೋ ಕೆಮ್ಮಿದರು. ಇಷ್ಟು ವರ್ಷದಲ್ಲಿ ಅಮ್ಮನ ಹಾಲಿನ ಬಗ್ಗೆ ಯಾರೂ ನೀರಿನ ಮಾತೆತ್ತಿರಲಿಲ್ಲ. ನಾಚಿಕೆಗೆ ನನ್ನ ಕಿವಿ ಬಿಸಿಯಾಯಿತು. ಆಗ ನಾಗಮಂಗಲದವನು ಹಳೇ ಅಂಕಿಯ ಬಗ್ಗೆ ಬರೆದ ಸಾಲು ನೆನಪಾಯಿತು.

"ನಿನ್ನೆ ಕೊನೇಲಿ ಇದಕ್ಕೆ ಏನು ಹಾಕಿದ್ರಿ?"

"ತೊಳ್ಯಾಕೆ ನೀರು."

ಅಮ್ಮನ ಹಾಲನ್ನೇ ಇನ್ನೊಮ್ಮೆ ಹಾಕಿಸಿದೆ. ಒಳ್ಳೇ ಗಟ್ಟಿ ಹಾಲಿನ ಅಂಕಿ ಬಂತು. ಅಷ್ಟಕ್ಕೆ ಬಿಡಲಿಲ್ಲ. ಮೆಷಿನ್ನನ್ನು ಮಲಗಿಸಿ ಎಬ್ಬಿಸಿ, ಡೈರಿ ನಲ್ಲಿಯ ನೀರು ಹಾಕಿಸಿದೆ. ಅಮ್ಮನ ಹಾಲಿನದೇ ಅಂಕಿ!

"ಅಣ್ಣ, ನಿಮ್ಮ ನಲ್ಲಿ ಚೆನ್ನಾಗಿ ಹಾಲು ಕರೀತದೆ," ಅಂದೆ. ಸಾಲಿಗೆ ಸಾಲೇ ನಕ್ಕಿತು.

"ನಮ್ಗೆಲ್ಲಾ ಗೊತ್ತಿದ್ದುದ್ದೇ ಬುಡವ್ವ," ಎಂದರು ಟವೆಲ್ಲಿನವರು. "ಅದುಕ್ಕೇ ಯಾರೂ ಮದ್ಲು ನಿಂತ್ಕಳಾಕಿಲ್ಲ."

ಮನೆಗೆ ಬಂದು ನಾಗಮಂಗಲದವನಿಗೆ ತಪ್ಪಾಯಿತೆಂದು ಬರೆದು ಡ್ರೈವರು ಒಪ್ಪಿದೆ. ಅದರ ಜೊತೆ ಎಲ್ಲರಿಗೂ ಕಾಣುವ ದಾಖಲೆಯಲ್ಲಿ ಪರಿಶೀಲಿಸಿದವರು ಎಂಬಲ್ಲಿ ನನ್ನ ಹೆಸರು, ಪರೀಕ್ಷಿಸಿದವರು ಎಂಬಲ್ಲಿ ಅಮ್ಮನ ಹೆಸರು. ಅಮ್ಮ ಯಾವ ಲ್ಯಾಬಿನವರು ಎಂದು ಅವನು ವಿನಯದಿಂದ ಕೇಳಿದ.

ಡೈರಿಯ ಸುದ್ದಿ ಆಗಲೇ ಅರ್ಧ ಮಾತ್ರ ಅಮ್ಮನನ್ನು ತಲುಪಿತ್ತು. ಮಂಡಿ ನೀವಿಕೊಳ್ಳುತ್ತ ಕೂತಿದ್ದವಳಿಗೆ, "ನಿನ್ನ ಹೆಸರು ಬರೆದಿದ್ದೀನಿ ಕಣಮ್ಮ, ಪ್ರಪಂಚವೆಲ್ಲ ನೋಡುತ್ತೆ," ಅಂದೆ.

ಅಮ್ಮ ದಡಕ್ಕನೆ ಎದ್ದು ನಿಂತಳು. "ಎಸ್ರಾ? ನೀರು ಬೆರ್ಸೋರ ಪಟ್ಟೀಲೇನೇ?"