ಗಂಡನ ಹೆಸರು ಕೇಳಿದ ಯಂತ್ರ

ಮಾತಾಡಿದ್ದಕ್ಕೂ ಪಗಾರ ಕೊಡುತ್ತಾರೆ ಎಂದು ನನಗೆ ಗೊತ್ತಾದದ್ದು ನಿಮ್ಮ ಅವ್ವ ಸೊಸೆಯಾಗಿ ಮನೆಗೆ ಬಂದ ಮೇಲೆ. ನಾನು ಹಳ್ಳಿ ಸಾಲೆಯಲ್ಲಿ ಓದಿದವಳು. ಮಾಸ್ತರರು ಹಾಜರಿ ಕೂಗಿದರೆ ಬಾಯಿ ಬಿಡಲು ನಾಚಿ ಕೈ ಎತ್ತುತ್ತಿದ್ದೆ. ಈಗಲೂ ಯಾರಾದರೂ ಬಾಗಿಲು ಬಡಿದರೆ ಒಳಗಿನಿಂದ ಕೆಮ್ಮುತ್ತೇನೆ, ಅಷ್ಟೇ. ಅದಕ್ಕೇ ಮೊಮ್ಮಕ್ಕಳೇ, ಇದನ್ನು ನಿಮಗೆ ಬಾಯಲ್ಲಿ ಹೇಳದೆ ಬರೆದಿಡುತ್ತಿದ್ದೇನೆ.

ನಿಮ್ಮ ಅವ್ವ ನನಗೆ ತದ್ವಿರುದ್ಧ. ಜಗತ್ ಸರ್ಕಲ್ಲಿನ ಹತ್ತಿರದ ಒಂದು ದೊಡ್ಡ ಖಾಸಗಿ ದವಾಖಾನೆಯಲ್ಲಿ ಫೋನ್ ಎತ್ತುವುದು, ಯಾರು ಯಾವ ಡಾಕ್ಟರರ ಬಳಿ ಯಾವಾಗ ಬರಬೇಕೆಂದು ನಂಬರ್ ಹಚ್ಚಿಕೊಡುವುದು ಅವಳ ಕೆಲಸ. ಮುಂಜಾನೆ ಶಹಾಬಜಾರದ ನಮ್ಮ ಓಣಿ ಬಿಟ್ಟರೆ ಹೊತ್ತು ಮುಳುಗುವವರೆಗೂ ಮಾತು. ಮನೆಗೆ ಬಂದು ರೊಟ್ಟಿ ಬಡಿಯುತ್ತಾ ಆ ಮಾತುಗಳನ್ನೆಲ್ಲ ನನ್ನ ಮುಂದೆ ಮತ್ತೊಮ್ಮೆ ಆಡಿ ತೋರಿಸುತ್ತಿದ್ದಳು. ನಿಮ್ಮ ಅಪ್ಪ ನೆಹರು ಗಂಜ್ ಪೇಟೆಯ ಬೇಳೆ ಅಂಗಡಿಯಲ್ಲಿ ದುಡಿದು ತಂದದ್ದರಲ್ಲಿ ಊಟ ನಡೆಯುತ್ತಿತ್ತು. ನಿಮ್ಮ ಸಾಲೆ ನಡೆಯುತ್ತಿದ್ದದ್ದು ಅವಳ ಮಾತಿನಿಂದ.

ರವಿವಾರ ಅವಳ ಪಾಳಿ ಬಂದರೆ ದವಾಖಾನೆಯ ಫೋನು ಮನೆಗೇ ಬರುತ್ತಿತ್ತು. ಹಾಗಾಗಿ ಆ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳ್ಳಿಯ ಹೆಂಗಸರು ಗಂಡನಿಗೆ ನಂಬರ್ ಹಚ್ಚಲು ಫೋನ್ ಮಾಡುತ್ತಾರೆ, ಆದರೆ ಗಂಡನ ಹೆಸರು ಹೇಳುವುದಿಲ್ಲ. ನಮ್ಮಲ್ಲಿ ಹೇಳಬಾರದು. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅವ್ವನೂ ನನಗೆ ಕಲಿಸಿದ್ದಳು. ನಾನು ಒಂದು ದಿನವೂ ಹೇಳಲಿಲ್ಲ. ಆದರೂ ನಿಮ್ಮ ಅಜ್ಜ ಬೇಗ ಹೋದರು. ಈ ತಕರಾರನ್ನು ಯಾರ ಮುಂದೆ ಒಯ್ಯಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ನಿಮ್ಮ ಅವ್ವ ಹೆಸರು ಕೇಳುತ್ತಲೇ ಇರಲಿಲ್ಲ. "ಯಾವೂರ್ರಿ ಯಕ್ಕಾ? ಯಾರ ಮನೀರಿ? ಹಾಂ, ನಾ ಒಂದೊಂದೇ ಹೆಸರು ಅಂತ ಹೋಗ್ತೀನಿ, ನಿಮ್ಮವ್ರದು ಬಂದ್ರ ಹೂಂ ಅನ್ರಿ," ಎನ್ನುತ್ತಿದ್ದಳು. ಆಮೇಲೆ ಸಹಸ್ರನಾಮ ಓದಿದಂತೆ ಇದ್ದಬದ್ದ ದೇವರನ್ನೆಲ್ಲ ಕರೆಯುತ್ತಾ ಹೋಗುವಳು. ಸರಿಯಾದ ಹೆಸರು ಬಂದಾಗ ಆ ಕಡೆಯ ಹೆಂಗಸು ಹೂಂ ಅನ್ನುತ್ತಿರಲಿಲ್ಲ, ನಗುತ್ತಿದ್ದಳು. ಮೊಮ್ಮಕ್ಕಳನ್ನು ಕಂಡ ಮುದುಕಿಯರೂ ನಗುತ್ತಿದ್ದರು. "ಆತು ಬಿಡ್ರಿ, ಸಿಕ್ರು ನಿಮ್ಮವ್ರು!"

ಇಷ್ಟು ನಿಧಾನದ ಕೆಲಸವನ್ನು ದೊಡ್ಡವರು ಎಷ್ಟು ದಿನ ಸಹಿಸಿಯಾರು? ದವಾಖಾನೆಗೆ ಜ್ಞಾನೋದಯವಾಯಿತು. ಫೋನ್ ಎತ್ತಲು ಕೃತಕ ಬುದ್ಧಿಯ ಯಂತ್ರ ಬಂತು. ಸಹಜ ಬುದ್ಧಿಯ ದಾಸ್ತಾನು ಅಷ್ಟರಲ್ಲಿ ಮುಗಿದಿತ್ತೆಂದು ಕಾಣುತ್ತದೆ.

ಯಂತ್ರವನ್ನು ಬರಮಾಡಿಕೊಂಡ ವೈಭವ ಕೇಳಬೇಕು ನೀವು. ಕಂಪ್ಯೂಟರಿಗೆ ಹೂವಿನ ಹಾರ, ಕುಂಕುಮ, ಮುಂದೆ ತೆಂಗಿನಕಾಯಿ. ಆರತಿ ಎತ್ತಲು ಮುತ್ತೈದೆಯರು ಬೇಕಲ್ಲ? ಫೋನ್ ಎತ್ತುವ ಹೆಣ್ಣುಮಕ್ಕಳನ್ನೇ ಕರೆದರು. ನಿಮ್ಮ ಅವ್ವನೂ ಅವಳ ಗೆಳತಿಯರೂ ಸಾಲಾಗಿ ನಿಂತು ಆರತಿ ಬೆಳಗಿದರು. ಆರತಿ ಮುಗಿದ ಮೇಲೆ ಮ್ಯಾನೇಜರ್ ಸಾಹೇಬರು, "ನೀವೆಲ್ಲಾ ನಮ್ಮ ಮನಿ ಮಂದಿ ಇದ್ದಂಗ," ಎಂದು ಹೇಳಿ, ಒಬ್ಬೊಬ್ಬರ ಕೈಗೂ ಒಂದು ಪೇಡೆಯ ಡಬ್ಬಿ ಇಟ್ಟು, ನಾಳೆಯಿಂದ ಬರಬೇಡಿ ಎಂದರು. ತನ್ನನ್ನು ಹೊರಹಾಕುವವನಿಗೆ ತಾನೇ ಆರತಿ ಎತ್ತುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಪೇಡೆ ನೀವೇ ತಿಂದಿರಿ. ಚೆನ್ನಾಗಿತ್ತು ಎಂದೂ ಅಂದಿರಿ.

ಅಂದಿನಿಂದ ನಿಮ್ಮ ಅವ್ವನ ಮಾತು ನಿಂತಿತು. ರೊಟ್ಟಿ ಬಡಿಯುವ ಸದ್ದು ಮಾತ್ರ. ಒಂದು ಮನೆಗೆ ಒಬ್ಬ ಮೂಕಿ ಸಾಕು, ಅದಕ್ಕೆ ನಾನಿದ್ದೆ. ಬೇರೆ ದವಾಖಾನೆಗಳಲ್ಲಿ ಕೇಳಿ ಬಂದಳು. ಅಲ್ಲೂ ಯಂತ್ರದ ಮಾತೇ ನಡೆದಿತ್ತಂತೆ. ನಿಮ್ಮನ್ನು ಆ ಸಾಲೆಯಿಂದ ಬಿಡಿಸಬೇಕೇನೋ ಎಂದು ಅವಳೂ ನಿಮ್ಮ ಅಪ್ಪನೂ ಪಿಸುಗುಟ್ಟುವುದು ನನ್ನ ಕಿವಿಗೆ ಬಿತ್ತು. ಮಾತಾಡದವರ ಕಿವಿ ಚುರುಕು.

ಅವಳ ಮನಸ್ಸು ಸ್ವಲ್ಪ ಹಗುರಾಗಲೆಂದು ಅವಳನ್ನು ಕರೆದುಕೊಂಡು ಕಮಲಾಪುರಕ್ಕೆ, ನನ್ನ ಅಕ್ಕನ ಮನೆಗೆ ಹೋದೆ. ಅಲ್ಲಿ ಭಾವನವರಿಗೆ ಕಣ್ಣಿನ ಪೊರೆ. ಅದೇ ದವಾಖಾನೆಯಲ್ಲಿ ತೋರಿಸಬೇಕು, ಫೋನಿನಲ್ಲಿ ನಂಬರ್ ಹಚ್ಚದೆ ಹೋದರೆ ಒಳಗೆ ಬಿಡುವುದಿಲ್ಲ. ಅವರ ಮಗ ಬಾಳೆ ತೋಟಕ್ಕೆ ಹೋಗಿದ್ದ. ಅವನು ಬರುವವರೆಗೆ ಕಾಯುವ ಜಾತಿಯವಳಲ್ಲ ನನ್ನ ಅಕ್ಕ. ನಮ್ಮೆಲ್ಲರಿಗೂ ಕೇಳುವಂತೆ ದನಿ ದೊಡ್ಡದು ಮಾಡಿ ಫೋನ್ ಹಚ್ಚಿದಳು.

"ನಮಸ್ಕಾರ. ದಯವಿಟ್ಟು ರೋಗಿಯ ಪೂರ್ಣ ಹೆಸರನ್ನು ತಿಳಿಸಿ," ಎಂದಿತು ಯಂತ್ರ. ರೇಡಿಯೊದಲ್ಲಿ ವಾರ್ತೆ ಓದುವವರಂಥ ತೊಳೆದಿಟ್ಟ ಕನ್ನಡ.

"ನಮ್ಮ ಮನಿಯವ್ರ ಕಣ್ಣ ತೋರ್ಸೋದದ ತಾಯಿ."

"ಕ್ಷಮಿಸಿ, ಆ ಹೆಸರಿನವರು ನಮ್ಮಲ್ಲಿ ಇಲ್ಲ."

"ಇಲ್ಲ ಅಂತಾಳ ನೋಡು! ಕಟ್ಟಿ ಮ್ಯಾಲ ಕುಂತು ಚಾ ಕುಡಿಲಾಕತ್ತಾರ, ಇಲ್ಲ ಅಂತಾಳ!"

"ದಯವಿಟ್ಟು ರೋಗಿಯ ಪೂರ್ಣ ಹೆಸರನ್ನು ತಿಳಿಸಿ."

ಅಕ್ಕ ಫೋನನ್ನು ತನ್ನ ಸೊಸೆಯ ಕಡೆ ಚಾಚಿದಳು. ಅವಳು ಸೆರಗು ಕಚ್ಚಿ ಹಿಂದೆ ಸರಿದಳು. "ಮಾವಾರ ಹೆಸರು ನಾ ಹ್ಯಾಂಗ ಹೇಳ್ಲಿರಿ ಅತ್ತಿ?" ಆಮೇಲೆ ನನ್ನ ಕಡೆ ಚಾಚಿದಳು. ಅಕ್ಕನ ಗಂಡನ ಹೆಸರು, ಅದೂ ಪರಕೀಯ ಯಂತ್ರದ ಮುಂದೆ! ನಾನು ಕಂಬದ ಹಿಂದೆ ಹೋದೆ. ಕೊನೆಗೆ ಭಾವನವರ ಕಿವಿಗೇ ಹಿಡಿದಳು. ಅವರಿಗೆ ಕಿವಿ ಮಂದ. ಅವರು ಯಂತ್ರಕ್ಕೇ ಗದರಿದರು: "ಯಾರ್ ಮಾತಾಡೋದು? ಮೊದಲ ನಿನ್ನ ಹೆಸರು ಹೇಳು!"

"ನಿಮ್ಮ ಕರೆ ನಮಗೆ ಅಮೂಲ್ಯ," ಎಂದು ಹೇಳಿ ಯಂತ್ರ ಫೋನ್ ಇಟ್ಟಿತು.

ಅಕ್ಕ ನಿಮ್ಮ ಅವ್ವನ ಕಡೆ ತಿರುಗಿದಳು. "ನಿನ್ನ ಜಾಗಾದಾಗ ಎಂಥಾಕಿನ್ನ ತಂದು ಕುಂದರ್ಸ್ಯಾರ ಮಗಳ? ಶರಮ್ ಇಲ್ಲ ಏನಿಲ್ಲ, ಕಂಡವ್ರ ಗಂಡನ ಹೆಸರು ಕೇಳ್ತದ!"

ಹಲವು ವಾರಗಳ ಮೇಲೆ ನಿಮ್ಮ ಅವ್ವ ನಕ್ಕಳು. ಫೋನ್ ಇಸಿದುಕೊಂಡು ತನ್ನ ನೌಕರಿಯ ದನಿ ತೆಗೆದು, ತನಗೆ ದೊಡ್ಡಮಾವನಾದ ಭಾವನವರ ಹೆಸರನ್ನು ಒಂದೇ ಉಸಿರಿಗೆ ಹೇಳಿದಳು. ಈಗಿನ ಸೊಸೆಯರಿಗೆ ಅಷ್ಟು ಧೈರ್ಯವಿದೆ, ಪುಣ್ಯ. ನಂಬರ್ ಹತ್ತಿತು. ಸುದ್ದಿ ಓಣಿಗೆ ಹಬ್ಬಲು ಎಷ್ಟು ಹೊತ್ತು? ಗಂಡನಿಗೆ ಮಂಡಿನೋವು, ಸಕ್ಕರೆ ಕಾಯಿಲೆ, ಎದೆಯುರಿ ಎಂದು ಒಬ್ಬೊಬ್ಬರೇ ಬಂದು ಕಟ್ಟೆಯ ಮೇಲೆ ಕೂತರು. ಇವಳು ಮತ್ತೆ ದೇವರ ಹೆಸರುಗಳನ್ನು ಶುರುಮಾಡಿದಳು, ಅವರು ನಗತೊಡಗಿದರು. ತನ್ನನ್ನು ಹೊರಹಾಕಿದ ದವಾಖಾನೆಗೆ ಸಂಜೆಯವರೆಗೆ ಪುಕ್ಕಟೆ ದುಡಿದಳು.

ಬಸ್ಸಿನಲ್ಲಿ ಬರುವಾಗ, "ಅತ್ತಿ, ಇವತ್ತ ನಾ ನೌಕರಿ ಮಾಡ್ದೆ ನೋಡ್ರಿ," ಎಂದಳು. ನಾನು ಹೂಂ ಅಂದೆ. ಕಿಟಕಿಯ ಕಡೆ ತಿರುಗಿ ಕೂತಳು, ಶಹಾಬಜಾರ ಬರುವವರೆಗೂ ಮುಖ ಈಚೆ ತಿರುಗಿಸಲಿಲ್ಲ.

ಇತ್ತ ದವಾಖಾನೆಯಲ್ಲಿ ಯಂತ್ರದ ಗುಣಗಾನ ನಡೆದಿತ್ತಂತೆ. ಅಲ್ಲಿ ಉಳಿದಿದ್ದ ಒಬ್ಬ ನರ್ಸ್ ಹೇಳಿದ್ದು. ಮೊದಲು ಹುಡುಗಿಯರು ಒಂದೊಂದು ಕರೆಗೆ ಎಷ್ಟೊಂದು ಹೊತ್ತು ಕಳೆಯುತ್ತಿದ್ದರು, ಈಗ ಹೆಂಗಸರ ಕರೆಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತವೆ ಎಂದು ಮ್ಯಾನೇಜರ್ ಸಾಹೇಬರು ಮೀಟಿಂಗಿನಲ್ಲಿ ಹೇಳಿದರಂತೆ, ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಮುಗಿಯದೆ ಏನು? ಹೆಸರು ಕೇಳಿದ ಕೂಡಲೆ ಅವರು ಫೋನ್ ಇಡುತ್ತಿದ್ದರು. ಚಪ್ಪಾಳೆ ತಟ್ಟಿದ ಡಾಕ್ಟರರೇ ಸ್ವಲ್ಪ ದಿನಕ್ಕೆ ಖಾಲಿ ಬೆಂಚುಗಳನ್ನು ನೋಡಿ, ಹಳ್ಳಿಯವರೆಲ್ಲ ಒಮ್ಮೆಗೇ ಹೇಗೆ ಗುಣವಾದರು ಎಂದು ಕೇಳತೊಡಗಿದರು.

ಆಗ ಮ್ಯಾನೇಜರ್ ಸಾಹೇಬರ ಫೋನ್ ಬಂತು. ಅವಳು ದನಿ ದೊಡ್ಡದು ಮಾಡಿಟ್ಟಿದ್ದಳು, ನಾನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ.

"ಮೇಡಂ, ಯಂತ್ರ ಭಾಳ ಶಾಣ್ಯಾ ಅದ. ಜರಾ ನಮ್ಮ ಕಡಿ ಹೆಣ್ಮಕ್ಳು ಬಂದ್ರ ಗಪ್ಪ ಆಗ್ತದ. ನೀವು ಹಿಂದ ಕುಂತು ಸಂಭಾಳಿಸ್ಬೇಕು."

"ಹಿಂದ ಅಂದ್ರ ಎಲ್ರಿ?"

"ಯಂತ್ರದ ಹಿಂದ. ಅದು ಗಪ್ಪ ಆದ್ರ ಲೈನ್ ನಿಮಗ ಬರ್ತದ. ನೀವು ಅದೇ ಆಗಿ ಮಾತಾಡ್ರಿ. ಮನುಷ್ಯಾಳಿದ್ದೀನಿ ಅಂತ ಮಾತ್ರ ಅನಬ್ಯಾಡ್ರಿ. ಊರ ತುಂಬಾ ಯಂತ್ರದ ಬೋರ್ಡ್ ಹಚ್ಚೀವಿ, ನಮ್ಮ ಮರ್ಯಾದಿ ಪ್ರಶ್ನಿ."

"ಪಗಾರ?"

"ಅರ್ಧಾ. ಉಳಿದ ಅರ್ಧಾ ಕೆಲಸ ಯಂತ್ರ ಮಾಡ್ತದಲ್ರಿ."

ಫೋನ್ ಇಟ್ಟು ನನ್ನ ಕಡೆ ನೋಡಿದಳು. "ಏನ್ ಮಾಡ್ಲಿ ಅತ್ತಿ? ನಾನೇ ಆರತಿ ಎತ್ತಿದ ಡಬ್ಬಿ ಅದು. ಅದರ ಹೆಸರಲೆ ದುಡೀಲೇನು?"

ನನ್ನನ್ನು ಯಾರೂ ಹಾಗೆ ಕೇಳಿದವರಲ್ಲ. ಬೇಡ ಎಂಬ ಮಾತು ಬಾಯಿಗೆ ಬಂದಿತ್ತು. ಆದರೆ ನಿಮ್ಮ ಸಾಲೆ, ಬಸ್ಸಿನಲ್ಲಿ ಅವಳು ಕಿಟಕಿಗೆ ತಿರುಗಿಸಿ ಕೂತ ಮುಖ, ಎರಡೂ ಕಣ್ಣಮುಂದೆ ಬಂದವು. "ಸುಮ್ಮ ಕುಂದರ್ಲಾಕ ನಿನಗ ಬರಂಗಿಲ್ಲವ್ವ. ಹೋಗು," ಎಂದೆ.

ಹೋದಳು. ನಿಮ್ಮ ಸಾಲೆ ಉಳಿಯಿತು. ಗಂಡನ ಹೆಸರು ಹೇಳಬಾರದೆಂದು ನಮ್ಮ ಅವ್ವಂದಿರು ಕಲಿಸಿದ್ದರು. ತನ್ನ ಹೆಸರೇ ಹೇಳಬಾರದೆಂದು ನಿಮ್ಮ ಅವ್ವನಿಗೆ ದವಾಖಾನೆ ಕಲಿಸಿತು. ಅದಕ್ಕೆ ಸುಧಾರಣೆ ಎಂದು ಹೆಸರು.

ಭಾವನವರ ಎರಡನೆಯ ಕಣ್ಣಿಗೆ ಅಕ್ಕ ಮತ್ತೆ ಫೋನ್ ಮಾಡಿದಳು. ಯಂತ್ರ ಹೆಸರು ಕೇಳಿತು, ಅಕ್ಕ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ, "ಯಾವೂರ್ರಿ ಯಕ್ಕಾ?" ಎಂದು ದನಿ ಬಂತು.

"ಏ, ನೀನೇನು ಮಗಳ?"

"ಅಲ್ರಿ, ನಾ ಯಂತ್ರ ಮಾತಾಡ್ಲಾಕತ್ತೀನಿ."

"ಯಂತ್ರಕ್ಕ ನೆಗಡಿ ಆಗ್ಯಾದೇನು? ದನಿ ಕೂತದ. ಶುಂಠಿ ಕಷಾಯ ಕುಡಿ."

"ಹೂಂನ್ರಿ ದೊಡ್ಡತ್ತಿ," ಎಂದುಬಿಟ್ಟಿತು ಯಂತ್ರ.

ಯಂತ್ರ ಈಗ ಭಾಳ ಸುಧಾರಿಸ್ಯಾದ, ಮಂದಿಯಂಗ ಮಾತಾಡ್ತದ ಎಂದು ಕಮಲಾಪುರದ ತುಂಬ ಹೊಗಳುತ್ತಾರಂತೆ. ಆ ಹೊಗಳಿಕೆಯನ್ನು ದವಾಖಾನೆಯವರು ತಮ್ಮ ಬೋರ್ಡಿಗೆ ಸೇರಿಸಿಕೊಂಡರು. ಅಕ್ಕ ಮಾತ್ರ ಮೊನ್ನೆ ಮಗನ ಕೈಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಳಿಸಿ, "ಇವು ದವಾಖಾನಿ ಯಂತ್ರಕ್ಕ," ಎಂದು ಹೇಳಿಸಿದ್ದಳು. ನಿಮ್ಮ ಅವ್ವ ಕೆಲಸದಿಂದ ಬಂದವಳೇ ಚೀಲ ಇಡದೆ ಎರಡು ಹಣ್ಣು ತಿಂದಳು. ಇದನ್ನು ಹೊರಗೆ ಯಾರಿಗೂ ಹೇಳಬೇಡಿ. ಯಂತ್ರ ಹಣ್ಣು ತಿನ್ನುತ್ತದೆಂದು ಗೊತ್ತಾದರೆ ಆ ಅರ್ಧ ಪಗಾರದಲ್ಲಿ ಹಣ್ಣಿನ ರೊಕ್ಕವನ್ನೂ ಮುರಿದುಕೊಂಡಾರು.