ಅತ್ತೆ ಹಾಕಿಸಿದ ಬಂಗಾರ

ನಮ್ಮತ್ತೆಯ ಎರಡೂ ಮುಂಗೈಗಳ ಮೇಲೆ ಹಸಿರು ಹಚ್ಚೆ ಇತ್ತು. ಬಿಸಿಲಿಗೆ ಸುಟ್ಟ ಚರ್ಮದ ಮೇಲೆ ಅದು ಸುಲಭಕ್ಕೆ ಕಾಣುತ್ತಿರಲಿಲ್ಲ. ಗದ್ದೆಯ ಕೆಸರು ತೊಳೆದುಕೊಂಡು ಬಂದಾಗ ಮಾತ್ರ ಒದ್ದೆ ಕೈಯ ಮೇಲೆ ಚೇಳು, ತೊಟ್ಟಿಲು, ಬಳ್ಳಿ ಒಂದೊಂದಾಗಿ ಎದ್ದು ಬರುತ್ತಿದ್ದವು. ಸಿರುಗುಪ್ಪದಲ್ಲಿ ನಮ್ಮ ಮನೆ, ದೇಶನೂರಿನ ಕಾಲುವೆ ಕೆಳಗೆ ಗದ್ದೆ. ಮಾವ ತೀರಿಕೊಂಡ ಮೇಲೆ ಬೇಸಾಯ ನಡೆಸಿದವರು ಅವರೇ. ಕಚ್ಚೆ ಕಟ್ಟಿ ಕಾಲುವೆಯ ಏರಿಯ ಮೇಲೆ ನಿಂತು ಕೂಗಿದರೆ, ಆಚೆ ಗದ್ದೆಯ ಆಳು ಬೀಡಿ ಬಿಸಾಕಿ ನೀರು ತಿರುವುತ್ತಿದ್ದ. ಬೆನ್ನ ಹಿಂದೆ ಜನ ಅವರನ್ನು ಬಾಯಿಬಡಕಿ ಅನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. "ಬಾಯಿ ಐತಿ, ಬಡಕೋತೀನಿ. ಇವರಪ್ಪನ ಗಂಟೇನು ಹೋತು?" ಎನ್ನುತ್ತಿದ್ದರು.

ನಾನು ಕುರುಗೋಡಿನವಳು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಮದುವೆಯಾಗಿ ಆ ಮನೆಗೆ ಬಂದೆ. ಅತ್ತೆಯ ದನಿ ಕೇಳಿದರೇ ನನಗೆ ನಡುಕ. ಒಂದು ವರ್ಷ ಕಳೆಯುವಷ್ಟರಲ್ಲಿ ಬೆರಳಿನ ಗೆಣ್ಣುಗಳು ಊದಿಕೊಂಡವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು. ಪಾದ ಊರಿದರೆ ಮೊನಚು ಕಲ್ಲಿನ ಮೇಲೆ ನಿಂತಂತೆ. ಹೊತ್ತೇರಿದ ಮೇಲೆ ಸ್ವಲ್ಪ ಸಡಿಲ. ಯಾರಿಗೂ ಹೇಳದೆ, ಹಲ್ಲು ಕಚ್ಚಿ ರೊಟ್ಟಿ ಬಡಿಯುತ್ತಿದ್ದೆ. ಒಂದು ಬೆಳಗ್ಗೆ ಬಡಿದ ರೊಟ್ಟಿ ಹಂಚಿಗೆ ಹಾಕುವ ಮೊದಲೇ ಕೈಯಿಂದ ಜಾರಿ ಒಲೆಯ ಬೂದಿಗೆ ಬಿತ್ತು. ಅತ್ತೆ ಹಿಂದೆಯೇ ನಿಂತಿದ್ದರು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ಕುಳಿತೆ.

"ಕೈ ತೋರ್ಸು," ಅಂದರು. ಗೆಣ್ಣು ಮುಟ್ಟಿದ್ದೇ ತಡ ನಾನು ಚೀರಿದೆ.

"ಯಾವಾಗಿಂದ ಹಿಂಗೈತಿ?"

"ದೀಪಾವಳಿಯಿಂದ ಅತ್ತಿ."

"ಹುಚ್ಚಿ! ದೇವರು ಬಾಯಿ ಎದಕ್ಕ ಕೊಟ್ಟಾನ?" ನನ್ನನ್ನು ಸರಿಸಿ ಒಲೆಯ ಮುಂದೆ ತಾವೇ ಕುಳಿತರು.

ಎಣ್ಣೆ ತಿಕ್ಕಿದ್ದಾಯಿತು, ಲಕ್ಕಿ ಸೊಪ್ಪಿನ ಕಾವು ಕೊಟ್ಟದ್ದಾಯಿತು, ತಾಯಿತ ಕಟ್ಟಿದ್ದಾಯಿತು. ಊತ ಮೊಣಕಾಲಿಗೆ ಇಳಿದಾಗ ಅತ್ತೆ ನನ್ನನ್ನು ಬಳ್ಳಾರಿಗೆ ಕರೆದೊಯ್ದರು. ಅಲ್ಲಿ ಮದ್ರಾಸಿನಲ್ಲಿ ಓದಿ ಬಂದ ಒಬ್ಬ ಡಾಕ್ಟರು ನನ್ನ ಒಂದೊಂದು ಕೀಲನ್ನೂ ಒತ್ತಿ ನೋಡಿದರು. "ಇದು ಮಾಮೂಲಿ ವಾತ ಅಲ್ಲಮ್ಮ, ಕೀಲುಗಳನ್ನೇ ತಿನ್ನೋ ಕಾಯಿಲೆ. ಪೂರ್ತಿ ವಾಸಿ ಮಾಡ್ತೀನಿ ಅಂತ ಸುಳ್ಳು ಹೇಳೋದಿಲ್ಲ. ಬಂಗಾರದ ಅಂಶ ಇರೋ ಒಂದು ಇಂಜೆಕ್ಷನ್ ಇದೆ. ವಾರಕ್ಕೊಮ್ಮೆ, ಬಹಳ ದಿನ ತಗೋಬೇಕು. ಎಲ್ಲರ ಮೈಗೂ ಹಿಡಿಸೋದಿಲ್ಲ," ಅಂದರು.

ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ ಇದು ಎಂದು ಈಗಿನ ಡಾಕ್ಟರರು ಬಿಡಿಸಿ ಹೇಳುತ್ತಾರೆ. ಅಂದು ನನಗೆ ಕೇಳಿಸಿದ್ದು 'ವಾಸಿಯಾಗೋದಿಲ್ಲ' ಎಂಬುದೊಂದೇ. ಕಣ್ಣೊಳಗೆ ನೀರು ತುಂಬಿತು. ಅತ್ತೆ ಅಳಲು ಬಿಡಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಹಿಡಿಸಲಿಲ್ಲಂದ್ರ ನಮಗ ಹೆಂಗ ಗೊತ್ತಾಗ್ತೈತಿ? ಅದನ್ನ ಮದ್ಲು ಹೇಳ್ರಿ," ಅಂದರು. ಮೈ ತುರಿಸಿ ಗಂಧೆ ಎದ್ದರೆ, ಬಾಯಿ ಹುಣ್ಣಾದರೆ, ಮೂತ್ರದಲ್ಲಿ ನೊರೆ ಬಂದರೆ ಕೂಡಲೇ ತೋರಿಸಬೇಕು ಎಂದು ಡಾಕ್ಟರು ಹೇಳಿದರು. ಅತ್ತೆ ಅದನ್ನು ಮತ್ತೊಮ್ಮೆ ಹೇಳಿಸಿದರು. ಹೊರಗೆ ಬಂದು ನನಗೆ, "ವಾಸಿ ಆಗೋದಿಲ್ಲಂದ್ರ ಬ್ಯಾಡ. ನಾವೂ ಅದನ್ನ ಸುಮ್ನ ಬಿಡೋದು ಬ್ಯಾಡ," ಅಂದರು.

ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸುಗಳು ಆಗಿನ್ನೂ ಇದ್ದವು. ಏರು ಬಂದರೆ ಜನ ಇಳಿದು ನೂಕಬೇಕು. ಪ್ರತಿ ವಾರ ನನ್ನನ್ನು ಕಿಟಕಿ ಪಕ್ಕ ಕೂರಿಸಿ, ಅತ್ತೆ ಮಡಿಲಲ್ಲಿ ಒಂದು ಸೀಸೆ ಇಟ್ಟುಕೊಂಡು ಕೂರುತ್ತಿದ್ದರು. ಸೂಜಿ ಹಾಕುವ ಮುನ್ನ ಡಾಕ್ಟರು ಮೂತ್ರ ಕಾಯಿಸಿ ನೋಡುತ್ತಿದ್ದರು. ಅದಕ್ಕೆ ಆ ಸೀಸೆ. ಒಮ್ಮೆ ಕಂಡಕ್ಟರು, "ಏನವ್ವಾ, ಎಣ್ಣಿ ಏನು? ಮ್ಯಾಲೆ ಇಡ್ತೀನಿ ಕೊಡು," ಎಂದು ಕೈ ಚಾಚಿದ. "ನಮ್ಮ ಸೊಸಿ ಉಚ್ಚಿ ಐತಪ್ಪಾ, ತಗೋ," ಎಂದು ಅತ್ತೆ ಕೊಡಹೋದರು. ಬಸ್ಸಿಗೆ ಬಸ್ಸೇ ನಕ್ಕಿತು. ಕಾಯಿಲೆ ಬಿದ್ದ ಮೇಲೆ ನಾನು ಮೊದಲ ಸಲ ನಕ್ಕದ್ದು ಅಂದೇ ಇರಬೇಕು.

ನಕ್ಕಷ್ಟು ಸುಲಭವಾಗಿರಲಿಲ್ಲ ಮುಂದಿನದು. ಹಲವು ಸೂಜಿಗಳಾದರೂ ಊತ ಇಳಿಯಲಿಲ್ಲ. ನಮ್ಮ ಯಜಮಾನರ ದೊಡ್ಡಪ್ಪ ಒಂದು ದಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕುಳಿತರು. ಹಚ್ಚೊಳ್ಳಿಯಲ್ಲಿ ಒಂದು ಹೆಣ್ಣು ನೋಡಿಟ್ಟಿದ್ದರಂತೆ. "ಈ ಹುಡುಗಿ ಕುರುಗೋಡಿನಾಗ ಆರಾಮ ಇರ್ಲಿ. ಅನ್ನಕ್ಕ, ಬಟ್ಟಿಗೆ ಕೊಡೋಣ. ಮನಿಗೆ ದುಡಿಯೋ ಕೈ ಬೇಕಲ್ಲ?" ಎಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಗೋಡೆ ಹಿಡಿದು ನಿಂತಿದ್ದೆ.

ಭಾವನ ಮುಂದೆ ತಲೆ ಮೇಲಿನ ಸೆರಗು ಜಾರಗೊಡದ ಅತ್ತೆ, ಅಂದೂ ಸೆರಗು ಸರಿಮಾಡಿಕೊಂಡೇ ಮುಂದೆ ಬಂದರು. "ದುಡಿಯೋ ಕೈ ಬೇಕಾದ್ರ ಆಳು ಇಟ್ಕೋತೀವಿ ಭಾವಾ. ಸೊಸೀನ ಅದಕ್ಕ ತರ್ಲಿಲ್ಲ ನಾನು." ಆಮೇಲೆ ಕಂಬಕ್ಕೊರಗಿ ನಿಂತಿದ್ದ ಮಗನ ಕಡೆ ತಿರುಗಿದರು. "ನೀ ಹೇಳಲೇ. ಇನ್ನೊಬ್ಬಾಕಿ ಬೇಕೇನು?"

ನಮ್ಮ ಯಜಮಾನರು ನೆಲ ನೋಡುತ್ತಿದ್ದರು. ನನ್ನ ಜೀವ ಹೋಗಿ ಬಂತು. ಕೊನೆಗೆ, "ಬ್ಯಾಡವ್ವಾ," ಅಂದರು.

"ಕೇಳಿಸ್ತಲ್ಲ ಭಾವಾ? ಮಜ್ಜಿಗಿ ಕುಡುದು ಹೋಗ್ರಿ."

ಅದಾಗಿ ಕೆಲವೇ ವಾರಕ್ಕೆ ನನ್ನ ಎದೆ, ಬೆನ್ನು, ತೋಳಿನ ಮೇಲೆಲ್ಲ ಕೆಂಪು ಗಂಧೆ ಎದ್ದವು. ಓಣಿಯವರು ನೋಡಿ ಸಿಡುಬೆಂದೇ ತಿಳಿದು, "ಅಮ್ಮ ಮೈಮ್ಯಾಲ ಬಂದಾಳ. ಬೇವು ಕಟ್ಟು, ಹೊರಗ ಕರ್ಕೊಂಡು ಹೋಗಬ್ಯಾಡ," ಎಂದು ಹೆದರಿಸಿದರು. ಅತ್ತೆಯೂ ದೇವಿಗೆ ನಡೆದುಕೊಳ್ಳುವವರೇ. ಕೈಮುಗಿದು ಒಂದು ಗಳಿಗೆ ನಿಂತರು. ಆಮೇಲೆ ನನ್ನ ಬಾಯಿ ತೆರೆಸಿ ನೋಡಿದರು. ಒಳಗೆಲ್ಲ ಹುಣ್ಣು. "ಇದು ಅಮ್ಮ ಅಲ್ಲ, ಸೂಜಿದು. ಗಾಡಿ ಹೂಡಲೇ," ಎಂದು ಮಗನಿಗೆ ಹೇಳಿದರು. ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಸುತ್ತಾದರೂ ಕುರುಗೋಡಿನ ನನ್ನ ತವರಿನಲ್ಲಿ ಎತ್ತು ಬಿಚ್ಚಿದೆವು. ನನ್ನ ಅವಸ್ಥೆ ನೋಡಿ ನಮ್ಮವ್ವ ಅತ್ತೆಯ ಕಾಲು ಹಿಡಿದಳು. "ಬೀಗತಿ, ನಿಮಗ್ಯಾಕ ಈ ಕಷ್ಟ? ಇಲ್ಲೇ ಬಿಟ್ಟು ಹೋಗ್ರಿ. ಇದ್ದಷ್ಟು ದಿನ ನೋಡ್ಕೋತೀನಿ." ಅತ್ತೆ ಅವಳನ್ನು ಎಬ್ಬಿಸಿ, "ಇದ್ದಷ್ಟು ದಿನ ಅನ್ನಬ್ಯಾಡ್ರಿ. ಈಕಿ ಇನ್ನೂ ನನ್ನ ಜೋಡಿ ಭಾಳ ಜಗಳ ಆಡೋದೈತಿ," ಅಂದರು. ಮಾರನೆಯ ದಿನ ಬಳ್ಳಾರಿ ಮುಟ್ಟಿದೆವು.

ಡಾಕ್ಟರು ಸೂಜಿ ನಿಲ್ಲಿಸಿದರು. ಇನ್ನೊಂದು ಬಿದ್ದಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ಗಂಧೆ ಮಾಯಲು ಬಹಳ ದಿನ ಹಿಡಿಯಿತು. ಆಮೇಲೆ ಕೇಳಿದರು: "ಬಹಳ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರು ಮಾಡಬಹುದು. ಬೇಡ ಅಂದರೂ ತಪ್ಪಿಲ್ಲ. ಏನಮ್ಮ ಮಾಡೋಣ?" ಕೇಳಿದ್ದು ಅತ್ತೆಯನ್ನು. ಎಲ್ಲದಕ್ಕೂ ಬಾಯಿ ಹಾಕುವ ಅತ್ತೆ ಅಂದು ನನ್ನ ಕಡೆ ಬೆರಳು ತೋರಿಸಿದರು. "ಮೈ ಆಕಿದು. ಆಕೀನ ಕೇಳ್ರಿ."

ಮದುವೆಯಿಂದ ಅಲ್ಲಿಯವರೆಗೆ ಯಾರೂ ನನ್ನನ್ನು ಏನು ಬೇಕೆಂದು ಕೇಳಿರಲಿಲ್ಲ. ಡಾಕ್ಟರನ್ನು ನೋಡಿ, "ಹಾಕ್ರಿ," ಅಂದೆ.

ಊತ ಇಳಿಯತೊಡಗಿದ್ದು ಆ ಬೇಸಿಗೆ ಕಳೆದ ಮೇಲೆ. ಬೆರಳುಗಳು ಸೊಟ್ಟಗಾದದ್ದು ಹಾಗೇ ಉಳಿಯಿತು, ನೋವು ಮಾತ್ರ ಹಿಂದೆ ಸರಿಯಿತು. ಓಣಿಯ ಹೆಂಗಸರು ನನ್ನ ಮೈಮೇಲೆ ಚಿನ್ನವಿಲ್ಲವೆಂದು ಆಡಿಕೊಂಡರೆ, "ನಾ ಹಾಕ್ಸಿದ ಬಂಗಾರ ಕಳ್ಳರಿಗೂ ಸಿಗೋದಿಲ್ಲ," ಎನ್ನುತ್ತಿದ್ದರು ಅತ್ತೆ. ನಾವಿಬ್ಬರೂ ಆಮೇಲೆ ಜಗಳವನ್ನೂ ಆಡಿದೆವು, ಬೇಕಾದಷ್ಟು; ಗೆದ್ದದ್ದು ಹೆಚ್ಚಾಗಿ ಅವರೇ.

ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಮಾತು ಊರೆಲ್ಲ ನಡೆಯುತ್ತಿದ್ದ ದಿನಗಳು. ಭತ್ತ ಒಕ್ಕುವ ಕಣದಲ್ಲೇ ಅತ್ತೆಗೆ ಲಕ್ವ ಹೊಡೆಯಿತು. ಆ ಬಾಯಿ ಒಂದು ಪಕ್ಕಕ್ಕೆ ವಾಲಿ, ಮಾತು ನಿಂತುಹೋಯಿತು. ಹಾಸಿಗೆ ಹಿಡಿದ ಅವರನ್ನು ನೋಡಿಕೊಂಡೆ. ಗಂಜಿ ಕುಡಿಸುವಾಗ ಸೊಟ್ಟ ಬೆರಳಿನಿಂದ ಚಮಚ ಅಲುಗಿದರೆ ಕಣ್ಣಲ್ಲೇ ಗದರಿಸುತ್ತಿದ್ದರು. ಸಂಕ್ರಾಂತಿಗೆ ಮುಂಚೆ ಹೋದರು.

ಹೆಣಕ್ಕೆ ನೀರು ಹಾಕುವಾಗ ತುಂಬಿದ ಕೊಡ ಎತ್ತಲು ಬಗ್ಗಿದೆ. ದೊಡ್ಡಪ್ಪನ ಸೊಸೆ ನನ್ನ ತೋಳು ಹಿಡಿದಳು. "ನಿನ್ನ ಕೈಲಿ ಆಗೋದಿಲ್ಲಕ್ಕಾ, ಬಿಡು. ನಾವು ಹಾಕ್ತೀವಿ."

"ಆಚಿ ಸರಿ," ಅಂದೆ. ಪಡಸಾಲೆಯಲ್ಲಿ ಕುಳಿತಿದ್ದ ಗಂಡಸರೂ ತಿರುಗಿ ನೋಡುವಷ್ಟು ಜೋರಾಗಿಯೇ ಅಂದೆ. ಕೊಡ ಎತ್ತಿದೆ.